ಹಾಸಿಗೆಯ ಧೂಳುನುಸಿ: ಸಾಯಿಸಿದರಷ್ಟೇ ಸಾಲದು

ಬೆಳಿಗ್ಗೆ ಎದ್ದೊಡನೆ ಬಿಡದೆ ಸೀನು, ಕಟ್ಟಿದ ಮೂಗು, ಕಣ್ಣಿನ ತುರಿಕೆ. ಹೊತ್ತೇರಿದಂತೆ ತಾನಾಗಿ ಕಡಿಮೆ. ಹಾಸಿಗೆ ಕೊಡವಿದ ದಿನ ಮತ್ತೆ ಜೋರು. ಒಂದು ಋತುವಿಗೆ ಸೀಮಿತವಾಗದೆ ವರ್ಷವಿಡೀ ಹೀಗೇ ಆಗುತ್ತಿದ್ದರೆ ಹೂವಿನ ಪರಾಗಕ್ಕಿಂತ ಮೊದಲು ಹಾಸಿಗೆಯ ಮೇಲೆ ಅನುಮಾನ ಪಡಬೇಕು. ಆದರೆ ಅನುಮಾನದ ಮೇಲೇ ಹಣ ಸುರಿಯಬೇಡಿ. ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆಯಲ್ಲೋ ರಕ್ತದಲ್ಲಿ ಅಲರ್ಜಿಯ ಪ್ರತಿಕಾಯವನ್ನು ಅಳೆಯುವ ಐಜಿಇ ಪರೀಕ್ಷೆಯಲ್ಲೋ ಧೂಳುನುಸಿಯೇ ಕಾರಣ ಎಂದು ಗೊತ್ತಾದ ಮೇಲೆ ಮುಂದಿನ ಕೆಲಸ ಶುರುವಾಗಲಿ. ಮೈಮೇಲೆ ಕಚ್ಚಿದ ಗುರುತುಗಳು ಸಾಲಾಗಿ ಎದ್ದಿದ್ದರೆ ಅದು ಬೇರೆಯೇ ಸಂಗತಿ, ತಿಗಣೆ ಇದೆಯೇ ನೋಡಿ. ಧೂಳುನುಸಿ ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ.

ಅದರ ಉದ್ದ ಹೆಚ್ಚೆಂದರೆ 0.3 ಮಿಲಿಮೀಟರ್. ಎಂಟು ಕಾಲು; ಜೇಡ, ಉಣ್ಣಿಗಳ ಬಳಗದ ಜೀವಿ. ನಮ್ಮ ಚರ್ಮದಿಂದ ಉದುರುವ ಹೊಟ್ಟೇ ಅದರ ಊಟ. ಮೊಟ್ಟೆಯಿಂದ ಪ್ರಾಯಕ್ಕೆ ಬರಲು ಸುಮಾರು ಒಂದು ತಿಂಗಳು. ಮನೆಯ ಧೂಳಿನ ಅಲರ್ಜಿಗೆ ಈ ನುಸಿಯೇ ಮೂಲ ಎಂಬುದನ್ನು 1964ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವೋರ್‌ಹಾರ್ಸ್ಟ್, ಸ್ಪೀಕ್ಸ್‌ಮಾ ಮತ್ತು ಸಂಗಡಿಗರು ಮುಂದಿಟ್ಟರು. ಅಲರ್ಜಿ ತರುವ ವಸ್ತು ಹೆಚ್ಚಾಗಿ ಇರುವುದು ಅದರ ಹಿಕ್ಕೆಯಲ್ಲಿ. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ಒಂದೊಂದು ಹಿಕ್ಕೆಯೂ 10ರಿಂದ 40 ಮೈಕ್ರಾನ್ ಗಾತ್ರದ್ದು (ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಒಂದು ಮೈಕ್ರಾನ್). ಅದರಲ್ಲಿರುವ ಡರ್ ಪಿ 1 ಎಂಬ ಪ್ರೋಟೀನು ಮೂಲತಃ ಜೀರ್ಣಕಾರಿ ಕಿಣ್ವ. ಉಸಿರುನಾಳದ ಒಳಪದರದಲ್ಲಿ ಜೀವಕೋಶಗಳನ್ನು ಬಿಗಿಹಿಡಿದ ಬೆಸುಗೆಯನ್ನೇ ಅದು ಸಡಿಲಿಸಬಲ್ಲದು. ನುಸಿ ಸತ್ತ ಮೇಲೂ ಆ ಹಿಕ್ಕೆ ತಿಂಗಳುಗಟ್ಟಲೆ ಹಾಸಿಗೆಯಲ್ಲೇ ಇರುತ್ತದೆ.

ಆದ್ದರಿಂದ ಯಾರು ಯಾವ ಉಪಾಯ ಹೇಳಿದರೂ ಎರಡು ಪ್ರಶ್ನೆ ಕೇಳಿ: ಇದು ನುಸಿಯನ್ನು ಕೊಲ್ಲುತ್ತದೆಯೇ? ಹಿಕ್ಕೆಯನ್ನು ಹೊರಹಾಕುತ್ತದೆಯೇ? ಎರಡಕ್ಕೂ ಹೌದು ಎನ್ನಬಹುದಾದ ಉಪಾಯ ಒಂದೇ, ಬಿಸಿನೀರಿನ ಒಗೆತ. ಮಿಕ್ಕವೆಲ್ಲ ಅರ್ಧ ಕೆಲಸ ಮಾಡುವಂಥವು. ಜೊತೆಯ ಇನ್ನರ್ಧವನ್ನು ನಾವೇ ಕೂಡಿಸಬೇಕು.

ಒಗೆಯುವ ನೀರು 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ನುಸಿ ಉಳಿಯುವುದಿಲ್ಲ. ಯಂತ್ರವನ್ನು 60ಕ್ಕೆ ಇಡಿ ಎನ್ನುವುದು ಇದಕ್ಕೇ. ಬೆಡ್‌ಶೀಟ್, ದಿಂಬಿನ ಕವರ್, ಹೊದಿಕೆ ವಾರಕ್ಕೊಮ್ಮೆ ಹೀಗೆ ಒಗೆಯಬೇಕು. ಇಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಡ್ರಮ್ಮನ್ನು ತುರುಕಿ ತುಂಬುವುದರಿಂದ. ಮುದ್ದೆಯಾದ ಬಟ್ಟೆಯ ಒಳಮಡಿಕೆಗೆ ಬಿಸಿಯೂ ತಲುಪುವುದಿಲ್ಲ, ಜಾಲಿಸುವ ನೀರೂ ಹರಿಯುವುದಿಲ್ಲ. ಡ್ರಮ್ಮಿನ ಮೂರನೇ ಎರಡು ಭಾಗ ದಾಟಿಸಬೇಡಿ. ಬೆವರು, ರಕ್ತದ ಕಲೆ ಇದ್ದರೆ ಮೊದಲು ತಣ್ಣೀರಿನಲ್ಲಿ ತೊಳೆದುಕೊಳ್ಳಿ. ನೇರ ಬಿಸಿನೀರಿಗೆ ಹಾಕಿದರೆ ಕಲೆ ಅಲ್ಲೇ ಕಚ್ಚಿಕೊಳ್ಳುತ್ತದೆ.

ನೀರು ಕಾಯಿಸದ ಯಂತ್ರವಾದರೆ ಒಗೆಯುವ ಮೊದಲು ನೆನೆಹಾಕಿ. ಶಾಖ ತಡೆಯುವ ದೊಡ್ಡ ಪಾತ್ರೆಗೆ ಮೊದಲು ಒಂದು ಪಾಲು ತಣ್ಣೀರು, ಆಮೇಲೆ ಎರಡು ಪಾಲು ಕುದಿನೀರು. ಬೆರಕೆ ಸುಮಾರು 75 ಡಿಗ್ರಿಗೆ ಬರುತ್ತದೆ, ಬಟ್ಟೆ ಮತ್ತು ಪಾತ್ರೆ ಶಾಖ ಹೀರಿದ ಮೇಲೆ 65ರ ಆಸುಪಾಸಿಗೆ ಇಳಿಯುತ್ತದೆ. ಬಟ್ಟೆಯನ್ನು ಕೋಲಿನಿಂದ ಪೂರ್ತಿ ಮುಳುಗಿಸಿ ಮುಚ್ಚಳ ಹಾಕಿ 20 ನಿಮಿಷ ಬಿಡಿ. ಮೊದಲ ಸಲ ಥರ್ಮಾಮೀಟರ್ ಇಳಿಬಿಟ್ಟು ನೋಡಿ: ಕೊನೆಯಲ್ಲೂ 55ಕ್ಕಿಂತ ಮೇಲಿದ್ದರೆ ನಿಮ್ಮ ಪಾತ್ರೆಗೆ ಈ ಲೆಕ್ಕ ಸರಿ, ಇಲ್ಲವಾದರೆ ಬಟ್ಟೆ ಕಡಿಮೆ ಮಾಡಿ. ಮಕ್ಕಳು ಸುಳಿಯುವ ಜಾಗದಲ್ಲಿ ಈ ಕೆಲಸ ಬೇಡವೇ ಬೇಡ. ಬಣ್ಣ ಬಿಡುವ ಬಟ್ಟೆಗಳನ್ನು ಬೇರೆಯಾಗಿಯೇ ನೆನೆಸಿ.

ತಣ್ಣೀರಿನ ಒಗೆತ ದಂಡ ಎಂದುಕೊಳ್ಳಬೇಡಿ. ಅಲರ್ಜಿಯ ಪ್ರೋಟೀನು ನೀರಿನಲ್ಲಿ ಕರಗುತ್ತದೆ, ಹಾಗಾಗಿ ತಣ್ಣೀರಿನಲ್ಲೂ ಬಹುಪಾಲು ಹೋಗುತ್ತದೆ. ನುಸಿ ಮಾತ್ರ ನೂಲಿಗೆ ಕಚ್ಚಿಕೊಂಡು ಬದುಕುಳಿದು ಮತ್ತೆ ಹೆಚ್ಚುತ್ತದೆ.

ಬಿಸಿನೀರು ತಾಳದ ವಸ್ತುಗಳಿಗೆ ಫ್ರೀಜರ್. ಮಕ್ಕಳ ಮೆತ್ತನೆ ಗೊಂಬೆ, ಸಣ್ಣ ಉಣ್ಣೆಯ ಹೊದಿಕೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೈನಸ್ 18 ಡಿಗ್ರಿಯಲ್ಲಿ ಎರಡು ದಿನ ಇಡಿ. ಒಂದು ದಿನಕ್ಕೇ ನುಸಿ ಸಾಯಬಹುದು, ಆದರೆ ದಪ್ಪ ಗೊಂಬೆಯ ನಡುಭಾಗ ಹೆಪ್ಪುಗಟ್ಟುವುದಕ್ಕೇ ಸಾಕಷ್ಟು ಹೊತ್ತು ಬೇಕು. ಫ್ರಿಜ್ಜಿನ ಕೆಳಗಿನ ಅರೆಗಳ ತಂಪು ಇದಕ್ಕೆ ಸಾಲದು. ಹೊರತೆಗೆದ ಮೇಲೆ ತಣ್ಣೀರಿನಲ್ಲಿ ಒಗೆಯಲೇಬೇಕು. ಸತ್ತ ನುಸಿ, ಹಿಕ್ಕೆ ಎರಡೂ ಇನ್ನೂ ಒಳಗೇ ಇವೆ.

ಬಿಸಿಲಿನ ಮಾತು. ತೆಳುವಾದ ರಗ್ಗು, ಜಮಖಾನಗಳನ್ನು ಸುಡುಬಿಸಿಲಿನಲ್ಲಿ ಮೂರು ನಾಲ್ಕು ಗಂಟೆ ಹರಡಿ, ನಡುವೆ ಮಗುಚಿದರೆ ನುಸಿ ಸಾಯುತ್ತದೆ. ಬಿಸಿಯಷ್ಟೇ ಅಲ್ಲ, ಒಣಗುವಿಕೆಯೂ ಅದನ್ನು ಕೊಲ್ಲುತ್ತದೆ. ದಪ್ಪ ಹಾಸಿಗೆಯ ಕತೆ ಬೇರೆ: ಮೇಲ್ಮೈ ಕಾದರೂ ಒಳಗು ಕಾಯುವುದಿಲ್ಲ, ನುಸಿ ಆಳಕ್ಕೆ ಸರಿದು ಉಳಿದುಬಿಡುತ್ತದೆ. ಹಾಗಿದ್ದರೂ ಹಾಸಿಗೆಗೆ ಬಿಸಿಲು ತೋರಿಸುವುದು ಒಳ್ಳೆಯದೇ, ಅದರ ತೇವ ಇಳಿಯುತ್ತದೆ. ಕೋಲಿನಿಂದ ಬಡಿಯುವುದಾದರೆ ಮನೆಯಿಂದ ಆಚೆ, ಮೂಗಿಗೆ ಎನ್95 ಮಾಸ್ಕ್ ಕಟ್ಟಿಕೊಂಡು. ಅಲರ್ಜಿ ಇರುವವರು ಆ ಕೆಲಸಕ್ಕೆ ಕೈಹಾಕಬಾರದು.

ಈಗ ಹಾಸಿಗೆ ಮತ್ತು ದಿಂಬು. ಒಗೆಯಲಾಗದ್ದನ್ನು ಮುಚ್ಚಿಬಿಡುವುದೇ ದಾರಿ. ನುಸಿತಡೆ ಕವರ್ ಎಂದರೆ ಆರೂ ಮಗ್ಗುಲನ್ನು ಆವರಿಸಿ ಜಿಪ್ ಎಳೆಯುವ ಚೀಲ. ಮೇಲ್ಭಾಗ ಮತ್ತು ಅಂಚುಗಳನ್ನಷ್ಟೇ ಹಿಡಿಯುವ ಎಲಾಸ್ಟಿಕ್ ಕವರ್ ಇದಲ್ಲ. ಅದು ನೀರು ಚೆಲ್ಲಿದರೆ ತಡೆಯಬಹುದು, ಕೆಳಗಿನಿಂದ ಹೊರಬರುವ ಧೂಳನ್ನಲ್ಲ. ಕೊಳ್ಳುವಾಗ ಬಟ್ಟೆಯ ರಂಧ್ರದ ಅಳತೆ ನೋಡಿ: 10 ಮೈಕ್ರಾನ್ ಮೀರಿರಬಾರದು, 6 ಆಸುಪಾಸಿನದಾದರೆ ಇನ್ನೂ ಮೇಲು. ಅಳತೆಯೇ ಬರೆದಿಲ್ಲದ ಕವರಿಗೆ ‘ಅಲರ್ಜಿ ಮುಕ್ತ’ ಎಂಬ ಚೀಟಿ ಅಂಟಿಸಿದ್ದರೂ ನಂಬಬೇಡಿ. ಪ್ಲಾಸ್ಟಿಕ್ ಹಾಳೆಯೂ ತಡೆಯುತ್ತದೆ, ಆದರೆ ಬೆವರು ಹೀರದೆ ನಿದ್ದೆ ಕೆಡಿಸುತ್ತದೆ. ನಾಲ್ಕನೇ ದಿನ ಅದನ್ನು ಕಿತ್ತೆಸೆಯುವವರೇ ಹೆಚ್ಚು. ಒತ್ತಾಗಿ ನೇಯ್ದ ಬಟ್ಟೆಯೇ ಬಾಳುವುದು.

ಹಾಕುವ ಮುಂಚೆ ಹಾಸಿಗೆ ಪೂರ್ತಿ ಒಣಗಿರಬೇಕು. ತೇವ ಒಳಗೇ ಸಿಕ್ಕಿಕೊಂಡರೆ ಬೂಷ್ಟು ಹಿಡಿಯುತ್ತದೆ. ಜಿಪ್ಪಿನ ತುದಿಯಲ್ಲಿ ಉಳಿಯುವ ಚಿಕ್ಕ ಸಂದಿಗೆ ಅಗಲವಾದ ಬಟ್ಟೆಯ ಟೇಪ್ ಅಂಟಿಸಿ. ಎಲ್ಲ ಸರಿಮಾಡಿ ಸೋರುವುದು ಅಲ್ಲಿಯೇ. ಕವರ್ ಮೇಲೆ ಎಂದಿನ ಬೆಡ್‌ಶೀಟ್ ಹಾಸಿ, ಪ್ರತಿ ಸಲ ಶೀಟ್ ಬದಲಿಸುವಾಗ ಕವರನ್ನು ಒದ್ದೆಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಹೊಲಿಗೆ ಬಿಟ್ಟಿದೆಯೇ, ಎಲ್ಲಾದರೂ ಹರಿದಿದೆಯೇ ಎಂದು ಅದೇ ಹೊತ್ತಿಗೆ ಕಣ್ಣಾಡಿಸಿ. ಜೊತೆಯಲ್ಲಿ ಮಲಗುವವರ ದಿಂಬಿಗೂ ಕವರ್ ಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಕೊಳ್ಳಲಾಗದಿದ್ದರೆ ದಿಂಬಿನಿಂದ ಶುರುಮಾಡಿ. ರಾತ್ರಿಯಿಡೀ ಮೂಗು ಇರುವುದು ಅದರ ಪಕ್ಕದಲ್ಲೇ. ಸಿಂಥೆಟಿಕ್ ದಿಂಬಿಗೆ, ಫೋಮ್ ಹಾಸಿಗೆಗೆ ನುಸಿ ಬರುವುದಿಲ್ಲ ಎಂಬ ನಂಬಿಕೆ ತಪ್ಪು, ಎರಡರಲ್ಲೂ ಬರುತ್ತದೆ. ಒಗೆಯಬಹುದಾದ ದಿಂಬನ್ನು ಒಗೆದ ಮೇಲೆ ನಡುವೆ ಎರಡೂ ಅಂಗೈಯಿಂದ ಅದುಮಿ ನೋಡಿ. ತಣ್ಣಗೆನಿಸಿದರೆ ಒಳಗಿನ್ನೂ ಹಸಿ ಇದೆ.

ನುಸಿಯ ನಿಜವಾದ ದೌರ್ಬಲ್ಯ ನೀರು. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಎಳೆದುಕೊಳ್ಳುತ್ತದೆ. ಗಾಳಿಯ ತೇವದ ಅಳತೆಯಾದ ಸಾಪೇಕ್ಷ ಆರ್ದ್ರತೆ ಶೇ 50ಕ್ಕಿಂತ ಕೆಳಗೆ ಎಡೆಬಿಡದೆ ನಿಂತರೆ ಕೆಲವು ದಿನಗಳಲ್ಲಿ ಒಣಗಿ ಸಾಯುತ್ತದೆ. ಎಡೆಬಿಡದೆ ಎಂಬುದೇ ಇಲ್ಲಿ ಮುಖ್ಯ: ದಿನಕ್ಕೆ ಎರಡು ಮೂರು ಗಂಟೆ ತೇವ ಸಿಕ್ಕರೂ ಅದು ಹೇಗೋ ಜೀವ ಹಿಡಿದುಕೊಳ್ಳುತ್ತದೆ. ಈ ತೇವ ಅಳೆಯುವ ಸಣ್ಣದೊಂದು ಹೈಗ್ರೋಮೀಟರನ್ನು ಗೋಡೆಯ ಮೇಲೆ ಎತ್ತರದಲ್ಲಲ್ಲ, ಹಾಸಿಗೆಯ ಮಟ್ಟದಲ್ಲಿ ಇಡಿ. ಮಲಗುವ ಕೋಣೆಯಲ್ಲಿ ಒದ್ದೆಬಟ್ಟೆ ಹರವಬೇಡಿ. ಎದ್ದ ತಕ್ಷಣ ಹೊದಿಕೆ ಎಳೆದು ಹಾಸಿಗೆಯನ್ನು ಅಚ್ಚುಕಟ್ಟಾಗಿ ಮುಚ್ಚಬೇಡಿ, ರಾತ್ರಿಯ ಬೆವರೆಲ್ಲ ಒಳಗೇ ಕೂರುತ್ತದೆ. ಹೊದಿಕೆ ಮಡಚಿ ಪಕ್ಕಕ್ಕಿಟ್ಟು ಒಂದೆರಡು ಗಂಟೆ ಗಾಳಿಯಾಡಲಿ. ನೆಲಕ್ಕೇ ಹಾಸಿದ ಹಾಸಿಗೆಯ ತಳ ತೇವ ಹಿಡಿಯುತ್ತದೆ. ಹಲಗೆಗಳ ನಡುವೆ ಸಂದಿಯಿರುವ ಮಂಚ ವಾಸಿ. ಹೊರಗಡೆಯೇ ಆರ್ದ್ರತೆ ಶೇ 80 ಇರುವ ದಿನಗಳಲ್ಲಿ ಕಿಟಕಿ ತೆರೆದು ಪ್ರಯೋಜನವಿಲ್ಲ. ಆಗ ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ಯಂತ್ರ ಇದ್ದರೆ ಕಿಟಕಿ ಮುಚ್ಚಿ ಓಡಿಸಬೇಕು, ಇಲ್ಲದಿದ್ದರೆ ಒಗೆತ ಮತ್ತು ಕವರುಗಳೇ ಗತಿ.

ವ್ಯಾಕ್ಯೂಮ್ ಕ್ಲೀನರ್ ಮೇಲ್ಮೈಯ ಹಿಕ್ಕೆಯನ್ನು ಎಳೆಯುತ್ತದೆ. ಆಳದಲ್ಲಿ ಕಚ್ಚಿಕೊಂಡ ಜೀವಂತ ನುಸಿ ಅದಕ್ಕೆ ಜಗ್ಗುವುದಿಲ್ಲ. ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇಲ್ಲದ ಯಂತ್ರ ಸಣ್ಣ ಧೂಳನ್ನು ಹಿಂದಿನಿಂದ ಕೋಣೆಗೇ ಉಗುಳುತ್ತದೆ. ಕೆಲಸ ಮುಗಿದ ಮೇಲೆ ಅಲರ್ಜಿ ಇರುವವರು ಅರ್ಧ ಗಂಟೆ ಕೋಣೆಗೆ ಹೋಗದಿದ್ದರೆ ಎದ್ದ ಧೂಳು ಕೆಳಗಿಳಿಯುತ್ತದೆ. ಹಿಕ್ಕೆ ಹೀಗೆ ಬೇಗ ಕೆಳಗೆ ಕೂರುವುದರಿಂದಲೇ ಏರ್ ಪ್ಯೂರಿಫೈಯರಿನಿಂದ ನುಸಿ ಅಲರ್ಜಿಗೆ ಹೆಚ್ಚು ಲಾಭವಿಲ್ಲ. ಅಡುಗೆ ಸೋಡಾ ವಾಸನೆ ಹೀರೀತು, ಅಷ್ಟೇ. ಹಾಸಿಗೆಗೆ ಕೀಟನಾಶಕ ಸಿಂಪಡಿಸುವುದಂತೂ ಬೇಡ: ಹಿಕ್ಕೆ ಇದ್ದಲ್ಲೇ ಇರುತ್ತದೆ, ಅದರ ಜೊತೆಗೆ ಆಸ್ತಮಾ ಕೆರಳಿಸುವ ಇನ್ನೊಂದು ವಸ್ತು ಸೇರುತ್ತದೆ.

ಇವುಗಳಲ್ಲಿ ಒಂದನ್ನಷ್ಟೇ ಮಾಡಿ ಫಲ ಕಾಣಲಿಲ್ಲ ಎನ್ನುವವರು ಬಹಳ. ದೊಡ್ಡವರ ಆಸ್ತಮಾದಲ್ಲಿ ಕವರ್ ಒಂದರಿಂದಲೇ ಪ್ರಯೋಜನವಾಗಲಿಲ್ಲ ಎಂದು ದೊಡ್ಡ ಪ್ರಯೋಗಗಳಲ್ಲೂ ಕಂಡಿದೆ. ಒಗೆತ, ಕವರ್, ತೇವದ ಹತೋಟಿ ಒಟ್ಟಿಗೆ ನಡೆಯಬೇಕು, ಮಲಗುವ ಕೋಣೆಯ ಕಾರ್ಪೆಟ್ಟೂ ಹೊರಹೋಗಬೇಕು. ಆಗಲೂ ಹಳೆಯ ಹಿಕ್ಕೆ ಕಡಿಮೆಯಾಗಿ ವ್ಯತ್ಯಾಸ ಗೊತ್ತಾಗಲು ಎರಡು ಮೂರು ತಿಂಗಳು ಹಿಡಿಯಬಹುದು. ಅಲ್ಲಿಯವರೆಗೆ ಇನ್‌ಹೇಲರ್, ಮೂಗಿನ ಸ್ಪ್ರೇ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಎಷ್ಟು ಇಳಿಸಬೇಕು, ಯಾವಾಗ ಎಂಬುದನ್ನು ವೈದ್ಯರೇ ಹೇಳಲಿ.