ಸಂಸತ್ತಿನಲ್ಲಿ ಮಾತಾಡಿದರೆ ಮಸೂದೆ ಬದಲಾಗುತ್ತದೆಯೇ?

ಕಲಬುರಗಿಯಲ್ಲಿ ರಾಜ್ಯಶಾಸ್ತ್ರ ಕಲಿಸುವ ನನಗೆ ತರಗತಿಯಲ್ಲೂ ಮದುವೆಮನೆಯಲ್ಲೂ ಎದುರಾಗುವ ಪ್ರಶ್ನೆ ಒಂದೇ: "ಸರ, ಅಲ್ಲಿ ಎಷ್ಟ್ ಮಾತಾಡಿದ್ರೂ ಮಸೂದ್ಯಾಗ ಒಂದ್ ಅಕ್ಷರಾದ್ರೂ ಬದಲಾಗ್ತದೇನ್ರಿ?" ಬದಲಾಗುತ್ತದೆ ಎಂಬುದೇ ನನ್ನ ಉತ್ತರ. ಆದರೆ ನಾವು ಟಿವಿಯಲ್ಲಿ ನೋಡುವ ಭಾಷಣದಿಂದ ಬದಲಾಗುವುದು ತೀರ ಅಪರೂಪ. ಮಸೂದೆ ತಿದ್ದುಪಡಿಗೆ ಒಗ್ಗುವ ಜಾಗವೂ ಹೊತ್ತೂ ಬೇರೆ.

ಮೊದಲು ಸದನದೊಳಗಿನ ಕ್ರಮವನ್ನು ನೋಡೋಣ. ಮಸೂದೆಗೆ ಮೂರು ವಾಚನಗಳುಂಟು. ಮಂಡನೆ ಮೊದಲನೆಯದು. ಎರಡನೆಯದರಲ್ಲಿ ಮಸೂದೆಯ ಉದ್ದೇಶದ ಬಗ್ಗೆ ಸಾಮಾನ್ಯ ಚರ್ಚೆ ನಡೆದು, ಆಮೇಲೆ ಖಂಡವಾರು, ಅಂದರೆ ಮಸೂದೆಯ ಒಂದೊಂದೇ ಕಲಮಿನ, ಪರಿಶೀಲನೆ ಆರಂಭವಾಗುತ್ತದೆ. ಒಂದೊಂದು ಖಂಡವೂ ಮಸೂದೆಯ ಭಾಗವಾಗಿರಬೇಕೇ ಎಂದು ಸ್ಪೀಕರ್ ಸದನವನ್ನು ಕೇಳುವುದು, ಮುಂಚಿತವಾಗಿ ಸೂಚನೆ ಕೊಟ್ಟ ಸದಸ್ಯರು ತಮ್ಮ ತಿದ್ದುಪಡಿ ಮಂಡಿಸುವುದು, ಅದು ಧ್ವನಿಮತಕ್ಕೆ ಬೀಳುವುದು, ಎಲ್ಲವೂ ಈ ಹಂತದಲ್ಲಿಯೇ. ಒಂದನೇ ಖಂಡ, ಅಧಿನಿಯಮನ ಸೂತ್ರ (ಸಂಸತ್ತು ಹೀಗೆ ಶಾಸನ ಮಾಡಿದೆ ಎಂದು ಸಾರುವ ಆರಂಭದ ವಾಕ್ಯ) ಮತ್ತು ಶೀರ್ಷಿಕೆ ಮಾತ್ರ ಕೊನೆಗೆ ಬರುತ್ತವೆ. ಒಳಗಿನದು ಏನಾಯಿತೆಂದು ತಿಳಿಯದೆ ಹೆಸರಿಡುವಂತಿಲ್ಲವಲ್ಲ. ಮೂರನೇ ವಾಚನದಲ್ಲಿ ಮಸೂದೆಯನ್ನು ಇಡಿಯಾಗಿ ಒಪ್ಪಬೇಕು ಇಲ್ಲವೇ ತಳ್ಳಬೇಕು, ಅಕ್ಷರದೋಷದಂಥ ಔಪಚಾರಿಕ ತಿದ್ದುಪಡಿಗಳನ್ನು ಬಿಟ್ಟರೆ ಬೇರೇನಕ್ಕೂ ಅಲ್ಲಿ ಎಡೆಯಿಲ್ಲ.

ಕ್ರಮ ಇಷ್ಟು ಅಚ್ಚುಕಟ್ಟಾಗಿದ್ದೂ ವಿರೋಧ ಪಕ್ಷದವರ ತಿದ್ದುಪಡಿಗಳು ಸಾಲುಸಾಲಾಗಿ ಬಿದ್ದುಹೋಗುವುದಕ್ಕೆ ಸದನದ ಬಲಾಬಲ ಒಂದು ಕಾರಣವಾದರೆ, 1985ರಲ್ಲಿ ಐವತ್ತೆರಡನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಇನ್ನೊಂದು. ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಅಪ್ಪಣೆ, ಮೀರಿ ಮತ ಹಾಕಿದವರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ದುಡ್ಡಿಗಾಗಿ ಪಕ್ಷ ಬಿಡುವವರನ್ನು ತಡೆಯಲು ಬಂದ ಈ ಕಟ್ಟು, ಮಸೂದೆಯ ಒಂದು ಖಂಡದ ಬಗ್ಗೆ ಪ್ರಾಮಾಣಿಕ ಭಿನ್ನಾಭಿಪ್ರಾಯವಿರುವ ಆಡಳಿತ ಪಕ್ಷದ ಸದಸ್ಯರನ್ನೂ ಕಟ್ಟಿಹಾಕಿದೆ ಎಂಬುದು ನನ್ನ ಎಣಿಕೆ. ಎದುರಿನವರ ಮಾತು ಮನಸ್ಸಿಗೆ ಒಪ್ಪಿದರೂ ಕೈ ಎತ್ತುವಂತಿಲ್ಲ.

ಹಾಗಾದರೆ ಬದಲಾವಣೆ ಎಲ್ಲಿ ಆಗುತ್ತದೆ? ಬಹುಮಟ್ಟಿಗೆ ಮಸೂದೆಯನ್ನು ಸದನದ ಹೊರಗೆ ಕೂತು ವಿವರವಾಗಿ ಪರಿಶೀಲಿಸುವ ಸಂಸದರ ಸಮಿತಿಯಲ್ಲಿ, ಕೆಲವೊಮ್ಮೆ ಸರ್ಕಾರಕ್ಕೆ ಬಹುಮತವಿಲ್ಲದ ರಾಜ್ಯಸಭೆಯಲ್ಲಿ. 2004ರ ಡಿಸೆಂಬರ್‌ನಲ್ಲಿ ಮಂಡನೆಯಾದ ಮಾಹಿತಿ ಹಕ್ಕು ಮಸೂದೆ ಕೇಂದ್ರ ಸರ್ಕಾರದ ಕಚೇರಿಗಳಿಗಷ್ಟೇ ಅನ್ವಯಿಸುವಂತಿತ್ತು. ಸ್ಥಾಯಿ ಸಮಿತಿಯ ಪರಿಶೀಲನೆಯ ಬಳಿಕ ಸರ್ಕಾರವೇ ತಿದ್ದುಪಡಿಗಳನ್ನು ತಂದು, 2005ರಲ್ಲಿ ಅಂಗೀಕಾರವಾಗುವ ಹೊತ್ತಿಗೆ ಅದನ್ನು ರಾಜ್ಯಗಳಿಗೂ ವಿಸ್ತರಿಸಿತು. ಇಂದು ಆಳಂದದ ರೈತರೊಬ್ಬರು ತಾಲ್ಲೂಕು ಕಚೇರಿಯ ಕಡತ ಕೇಳಿ ಕೇಂದ್ರ ಕಾಯ್ದೆಯಡಿ ಅರ್ಜಿ ಹಾಕುತ್ತಾರೆಂದರೆ ಅದು ಆ ತಿದ್ದುಪಡಿಯ ಫಲ. ಜಿಎಸ್‌ಟಿಗಾಗಿ ತಂದ ಸಂವಿಧಾನ ತಿದ್ದುಪಡಿ ಮಸೂದೆಯ ಕಥೆ ಇನ್ನೊಂದು ಬಗೆಯದು. ಅಂತರರಾಜ್ಯ ಸರಕು ಪೂರೈಕೆಯ ಮೇಲೆ ಶೇ 1ರ ಹೆಚ್ಚುವರಿ ತೆರಿಗೆಗೆ 2015ರಲ್ಲಿ ಲೋಕಸಭೆ ಒಪ್ಪಿತ್ತು. ಸಂವಿಧಾನ ತಿದ್ದುಪಡಿಗೆ ಎರಡೂ ಸದನಗಳು ಪ್ರತ್ಯೇಕವಾಗಿ ವಿಶೇಷ ಬಹುಮತ ಕೊಡಲೇಬೇಕು, ಜಂಟಿ ಅಧಿವೇಶನದ ದಾರಿ ಅಲ್ಲಿಲ್ಲ. ಹಾಗಾಗಿ ಸರ್ಕಾರ ವಿರೋಧ ಪಕ್ಷಗಳೊಡನೆ ಕೂತು ಮಾತಾಡಬೇಕಾಯಿತು, 2016ರ ಆಗಸ್ಟ್‌ನಲ್ಲಿ ರಾಜ್ಯಸಭೆ ಅಂಗೀಕರಿಸಿದ ರೂಪದಲ್ಲಿ ಆ ಶೇ 1 ಇರಲಿಲ್ಲ.

ನಮ್ಮ ಭಾಗದವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ, ಹೈದರಾಬಾದ್ ಕರ್ನಾಟಕಕ್ಕೆ (ಇಂದಿನ ಕಲ್ಯಾಣ ಕರ್ನಾಟಕ) ವಿಶೇಷ ಸ್ಥಾನ ಕೊಟ್ಟ ಸಂವಿಧಾನದ ವಿಧಿ 371 ಜೆ. 2012ರ ಸೆಪ್ಟೆಂಬರ್‌ನಲ್ಲಿ ನೂರ ಹದಿನೆಂಟನೇ ತಿದ್ದುಪಡಿ ಮಸೂದೆ ಎಂಬ ಹೆಸರಿನಲ್ಲಿ ಮಂಡನೆಯಾಗಿ, ಗೃಹ ವ್ಯವಹಾರಗಳ ಸ್ಥಾಯಿ ಸಮಿತಿಗೆ ಹೋಗಿ, ಡಿಸೆಂಬರ್‌ನಲ್ಲಿ ಎರಡೂ ಸದನಗಳಲ್ಲಿ ಅಂಗೀಕಾರವಾಗಿ ಅದು ತೊಂಬತ್ತೆಂಟನೇ ತಿದ್ದುಪಡಿ ಕಾಯ್ದೆಯಾಯಿತು. ಈ ವಿಧಿಯನ್ನು ಒಮ್ಮೆ ಪೂರ್ತಿ ಓದಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅದರ ವಾರ್ಷಿಕ ವರದಿಯನ್ನು ವಿಧಾನಸಭೆಯ ಮುಂದಿಡುವುದು, ಅನುದಾನದ ನ್ಯಾಯಯುತ ಹಂಚಿಕೆ, ಹುಟ್ಟಿನಿಂದ ಅಥವಾ ವಾಸದಿಂದ ಈ ಭಾಗದವರಾದವರಿಗೆ ಸೀಟು ಮತ್ತು ಹುದ್ದೆಗಳಲ್ಲಿ ಒಂದು ಪಾಲು: ಇವೆಲ್ಲ ಅಲ್ಲಿವೆ. ಆದರೆ ಆ ಪಾಲು ಎಷ್ಟೆಂಬುದು ಅಲ್ಲಿಲ್ಲ. ಇಲ್ಲಿನ ಕಾಲೇಜುಗಳಲ್ಲಿ ಶೇ 70 ಸೀಟು, ಡಿ ಗುಂಪಿನ ಹುದ್ದೆಗಳಲ್ಲಿ ಶೇ 85, ಸಿ ಗುಂಪಿನಲ್ಲಿ ಶೇ 80 ಎಂಬ, ಇವತ್ತು ನಮ್ಮ ಹುಡುಗರ ಬಾಯಲ್ಲಿರುವ ಅಂಕಿಗಳೆಲ್ಲ 2013ರ ಆದೇಶಗಳಿಂದ ಬಂದವು, ಸಂಸತ್ತು ಅವುಗಳ ಮೇಲೆ ಮತ ಹಾಕಲಿಲ್ಲ. ಆದ್ದರಿಂದ ಮಸೂದೆಯನ್ನು ಓದುವವರು ಅದರಲ್ಲಿ ಏನಿದೆ ಎಂಬುದರ ಜೊತೆಗೆ, ಏನನ್ನು ಮುಂದಿನ ಆದೇಶಕ್ಕೋ ನಿಯಮಕ್ಕೋ ಬಿಟ್ಟಿದ್ದಾರೆ ಎಂಬುದನ್ನೂ ಗುರುತಿಸಬೇಕು. ಬಡ್ತಿ, ನೇಮಕಾತಿಯ ತಕರಾರುಗಳು ಹುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ.

ಸಮಿತಿಯ ದಾರಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕೃಷಿ ಮಸೂದೆಗಳು ತೋರಿಸಿದವು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಅವನ್ನು ಸೆಲೆಕ್ಟ್ ಕಮಿಟಿಗೆ (ಒಂದು ಮಸೂದೆಯ ಪರಿಶೀಲನೆಗೆಂದೇ ರಚಿಸುವ ಸಮಿತಿ) ಒಪ್ಪಿಸಬೇಕೆಂಬ ಬೇಡಿಕೆ ಧ್ವನಿಮತದಲ್ಲಿ ಬಿದ್ದುಹೋಯಿತು. ಮತ ವಿಭಜನೆ, ಅಂದರೆ ಮತಗಳ ಎಣಿಕೆ, ಕೇಳಿದಾಗ, ಸದಸ್ಯರು ತಮ್ಮ ಆಸನಗಳಲ್ಲಿಲ್ಲ ಎಂಬ ಕಾರಣಕ್ಕೆ ಅದು ಸಿಗಲಿಲ್ಲ. ಮರುವರ್ಷ ನವೆಂಬರ್ 29ರಂದು ಅದೇ ಕಾಯ್ದೆಗಳನ್ನು ರದ್ದುಪಡಿಸುವ ಮಸೂದೆಗೆ ಲೋಕಸಭೆ ಚರ್ಚೆಯೇ ಇಲ್ಲದೆ ಒಪ್ಪಿಗೆ ಕೊಟ್ಟಿತು. ಕಾಯ್ದೆಗಳು ಒಳ್ಳೆಯವೋ ಕೆಟ್ಟವೋ ಎಂಬ ವಾದ ಇಲ್ಲಿ ಬೇಡ. ತೊಗರಿ ಬೆಳೆಯುವ ನಮ್ಮ ಜಿಲ್ಲೆಯ ರೈತರು, ಎಪಿಎಂಸಿ ಅಡತಿಯವರು, ಹಮಾಲರು ಸಮಿತಿಯ ಮುಂದೆ ಹೇಳಬಹುದಾಗಿದ್ದ ಮಾತು ತರುವಾಗಲೂ ದಾಖಲಾಗಲಿಲ್ಲ, ತೆಗೆಯುವಾಗಲೂ ದಾಖಲಾಗಲಿಲ್ಲ ಎಂಬುದು ನನ್ನ ದೂರು. ಹದಿನೈದನೇ ಲೋಕಸಭೆಯಲ್ಲಿ ಹತ್ತರಲ್ಲಿ ಸುಮಾರು ಏಳು ಮಸೂದೆಗಳು ಸಮಿತಿಗೆ ಹೋಗಿದ್ದವು. ಹದಿನೇಳನೆಯದರಲ್ಲಿ ಹೋದದ್ದು ಹತ್ತರಲ್ಲಿ ಎರಡಕ್ಕಿಂತಲೂ ಕಡಿಮೆ.

"ಮತ್ತ ನಾವೇನ್ ಮಾಡ್ಬೇಕ್ರಿ?" ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು. ಮಸೂದೆಯೊಂದು ಸಮಿತಿಗೆ ಹೋದಾಗ ಸಾರ್ವಜನಿಕರಿಂದ ಅಭಿಪ್ರಾಯ ಕೋರಿ ಸಮಿತಿ ಹಲವು ಬಾರಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತದೆ. ಗಡುವು ಸಾಮಾನ್ಯವಾಗಿ ಎರಡು ವಾರದ ಆಸುಪಾಸು. ಸಮಿತಿಯ ಶಿಫಾರಸನ್ನು ಸರ್ಕಾರ ಒಪ್ಪಲೇಬೇಕೆಂದೇನೂ ಇಲ್ಲ, ಆದರೂ ಸದನದ ಗದ್ದಲದಲ್ಲಿ ಕೇಳಿಸದ ಮಾತು ಅಲ್ಲಿ ಕಾಗದದ ಮೇಲೆ ಉಳಿಯುತ್ತದೆ. ನಮ್ಮ ಕಡೆಯಿಂದ ಹೋಗುವ ಮನವಿಗಳು ಮಾತ್ರ ಬಹಳಷ್ಟು ಸಲ "ಈ ಮಸೂದೆಯನ್ನು ಕೂಡಲೇ ಕೈಬಿಡಬೇಕು" ಎಂಬಲ್ಲಿಗೆ ಮುಗಿದುಬಿಡುತ್ತವೆ. ಅಚ್ಚಾದ ಮಸೂದೆಯ ಪುಟದ ಅಂಚಿನಲ್ಲಿ ಐದೈದು ಸಾಲಿಗೊಮ್ಮೆ ಅಂಕಿ ಇರುತ್ತದೆ, ಸಂಸದರು ತಿದ್ದುಪಡಿ ಸೂಚನೆ ಬರೆಯುವುದೂ ಆ ಅಂಕಿ ಹಿಡಿದೇ: ಇಂಥ ಪುಟದ ಇಂಥ ಸಾಲಿನಲ್ಲಿ ಈ ಪದಗಳ ಬದಲು ಈ ಪದಗಳನ್ನು ಸೇರಿಸತಕ್ಕದ್ದು. ನಮ್ಮ ಮನವಿಯೂ ಅದೇ ರೂಪದಲ್ಲಿದ್ದು, ಬದಲಿ ವಾಕ್ಯವನ್ನು ನಾವೇ ಬರೆದುಕೊಟ್ಟು, ಅದರ ಕೆಳಗೆ ಕಾರಣವನ್ನು ಚುಟುಕಾಗಿ ಹೇಳಿದರೆ ಓದುವವರಿಗೆ ಅದನ್ನು ಎತ್ತಿಕೊಳ್ಳುವುದು ಸುಲಭ. ಮನವಿಗಳನ್ನು ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಕೇಳುತ್ತಾರೆಂಬುದು ನಮಗೆ ದೊಡ್ಡ ತೊಡಕೇ ಸರಿ. ಅಲ್ಲಿಯೇ ನಮ್ಮ ಕಾನೂನು ಕಾಲೇಜುಗಳ ಹುಡುಗರು ರೈತ ಸಂಘದವರ, ಹಮಾಲರ ಮಾತನ್ನು ಕನ್ನಡದಲ್ಲಿ ಕೇಳಿಕೊಂಡು, ಖಂಡ ಮತ್ತು ಸಾಲಿನ ಸಂಖ್ಯೆ ಹಾಕಿ ಇಂಗ್ಲಿಷಿನಲ್ಲಿ ಇಳಿಸಿಕೊಡಬಹುದು, ಅದರ ಒಂದು ಪ್ರತಿಯನ್ನು ನಮ್ಮ ಸಂಸದರ ಕಚೇರಿಗೂ ಮುಟ್ಟಿಸಬಹುದು.