ಕೊರ್ನೇಲ್ಯನ ಮನೆಯ ಊಟ

ಪವಿತ್ರಾತ್ಮ ಇಳಿದು ಬಂದದ್ದನ್ನು ನೆನೆಯುವ ಪಂಚಾಶತ್ತಮ ಹಬ್ಬದ ದಿನ ಸಭೆಯಲ್ಲಿ ಓದುವುದು ಬೈಬಲಿನ ಅಪೊಸ್ತಲರ ಕೃತ್ಯಗಳ 2ನೇ ಅಧ್ಯಾಯ. ಗಾಳಿಯ ಸದ್ದು, ಬೆಂಕಿಯ ನಾಲಿಗೆಗಳು, ಅವರವರ ಭಾಷೆಯಲ್ಲೇ ಕೇಳಿಸಿದ ಮಾತು. ಕೇಳಲು ಚೆಂದ. ಆದರೆ ಅಲ್ಲಿ ದೂರದ ಊರುಗಳಿಂದ ಬಂದು ಸೇರಿದ್ದವರು ಹೆಚ್ಚುಕಮ್ಮಿ ಯೆಹೂದ್ಯರೇ. ಹೊರಗಿನವನು ಒಳಗೆ ಬರುವ ಕಥೆ ಬೇಕೆಂದರೆ 10ನೇ ಅಧ್ಯಾಯ ತೆರೆಯಬೇಕು. ಹಬ್ಬದ ಸಂಜೆ ನಾನು ಓದುವುದು ಅದನ್ನೇ.

ಕೊರ್ನೇಲ್ಯ ಕೈಸರೈಯದಲ್ಲಿದ್ದ ರೋಮಿನ ಶತಾಧಿಪತಿ. ನಾಡನ್ನು ಹಿಡಿದಿಟ್ಟಿದ್ದ ಸೈನ್ಯದವನು. ದೈವಭಕ್ತ, ಬಡವರಿಗೆ ಧಾರಾಳವಾಗಿ ಕೊಡುವವನು. ಏನಿದ್ದರೂ ಸುನ್ನತಿ ಆಗದವನ, ಅಂದರೆ ಯೆಹೂದ್ಯನಲ್ಲದವನ ಮನೆಗೆ ಯೇಸುವಿನ ಶಿಷ್ಯ ಪೇತ್ರನಂಥ ಯೆಹೂದ್ಯ ಕಾಲಿಡುವ ಹಾಗಿರಲಿಲ್ಲ.

ಪೇತ್ರ ಆಗ ಯೊಪ್ಪದಲ್ಲಿ ಚರ್ಮ ಹದ ಮಾಡುವ ಸೀಮೋನನ ಮನೆಯಲ್ಲಿ ಇಳಿದುಕೊಂಡಿದ್ದ. ಸತ್ತ ಪ್ರಾಣಿಯ ತೊಗಲಿನ ಕೆಲಸ, ಮಡಿವಂತರಿಗೆ ಆಗದ ಕೆಲಸ. ಈ ಕಥೆ ಬರೆದ ಲೂಕ ಈ ಮನೆಯ ವಿಳಾಸವನ್ನು ಮತ್ತೆ ಮತ್ತೆ ಹೇಳುತ್ತಾನೆ. ಸುಮ್ನೆ ಹೇಳಿರಲಿಕ್ಕಿಲ್ಲ. ಒಂದು ಮಧ್ಯಾಹ್ನ ಮಾಳಿಗೆಯ ಮೇಲೆ ಪೇತ್ರನಿಗೆ ಹಸಿವು. ಆಗಲೇ ಆಕಾಶದಿಂದ ಒಂದು ಜೋಳಿಗೆಯಂಥದ್ದು ಇಳಿಯಿತು, ಅದರ ತುಂಬ ಎಲ್ಲ ಬಗೆಯ ಪ್ರಾಣಿಗಳು, ಯೆಹೂದ್ಯರು ತಿನ್ನಬಾರದವೂ. "ಕೊಯ್ದು ತಿನ್ನು" ಎಂಬ ಧ್ವನಿ. ಅವನು ಒಪ್ಪಲಿಲ್ಲ. ಮೂರು ಸಾರಿ ಹೀಗೆಯೇ ಆಯಿತು. ಹುಟ್ಟಿದಾಗಿನಿಂದ ನಾಲಿಗೆಗೆ ಅಂಟಿದ ಮಡಿ ಒಂದೇ ಮಾತಿಗೆ ಬಿಡುತ್ತದೆಯೇ?

ಅಷ್ಟರಲ್ಲಿ ಪೇತ್ರನನ್ನು ಕರೆದೊಯ್ಯಲು ಕೊರ್ನೇಲ್ಯ ಕಳಿಸಿದ ಆಳುಗಳು ಬಾಗಿಲಿಗೆ ಬಂದರು. ಪೇತ್ರ ಅವರನ್ನು ಒಳಗೆ ಕರೆದು ಆ ರಾತ್ರಿ ಉಳಿಸಿಕೊಂಡ. ಮರುದಿನ ಅವರ ಜೊತೆ ಹೊರಟ. ಕಾಲಿಗೆ ಬಿದ್ದ ಕೊರ್ನೇಲ್ಯನನ್ನು ಎತ್ತಿ, ನಾನೂ ಮನುಷ್ಯನೇ ಎಂದ. ದೇವರು ಪಕ್ಷಪಾತಿಯಲ್ಲ ಎಂದು ಶುರುವಾದ ಪ್ರಸಂಗ ಮುಗಿಯುವ ಮೊದಲೇ ಪವಿತ್ರಾತ್ಮ ಆ ಮನೆಯವರ ಮೇಲೆ ಇಳಿದ. ದೀಕ್ಷಾಸ್ನಾನ ಆಮೇಲೆ. ಸಭೆಯ ಒಪ್ಪಿಗೆ ಇನ್ನೂ ಆಮೇಲೆ.

ಯೆರೂಸಲೇಮಿನ ಸಭೆಯವರು ತಕರಾರು ತೆಗೆದದ್ದು ಏನೆಂದು ಗಮನಿಸಿ. ಸುನ್ನತಿ ಆಗದವರಿಗೆ ಯಾಕೆ ಸುವಾರ್ತೆ ಹೇಳಿದೆ ಎಂದಲ್ಲ, ಅವರ ಜೊತೆ ಯಾಕೆ ಉಂಡೆ ಎಂದು! ಪೇತ್ರ ಆಗ ಗಟ್ಟಿಯಾಗಿ ಉತ್ತರ ಕೊಟ್ಟ. ಅಂತಿಯೋಕ್ಯ ಪಟ್ಟಣದಲ್ಲಿ ಅದೇ ಪೇತ್ರ ಯೆರೂಸಲೇಮಿನ ಕಡೆಯವರು ಬಂದೊಡನೆ ಅನ್ಯಜನರ ಪಂಕ್ತಿಯಿಂದ ಎದ್ದುಬಿಟ್ಟ. ಇನ್ನೊಬ್ಬ ಅಪೊಸ್ತಲ ಪೌಲ ಅವನಿಗೆ ಎದುರೆದುರೇ ಛೀಮಾರಿ ಹಾಕಿದ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇದೆ.

ನಮ್ಮ ಕರಾವಳಿಗೂ ಈ ಪಂಕ್ತಿಯ ಜಗಳ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಸಭೆಗೆ ಸೇರುವವರು ಜಾತಿ ಬಿಡಬೇಕು ಎಂದಿತು. ಸೇರಿದವರಲ್ಲಿ ಎಷ್ಟೋ ಜನ ಮನೆ, ಕಸುಬು ಎರಡನ್ನೂ ಕಳೆದುಕೊಂಡರು. ಅವರ ಹೊಟ್ಟೆಪಾಡಿಗೆಂದೇ ಮಿಷನ್ ಮಗ್ಗ ಹಾಕಿತು, ಹೆಂಚಿನ ಕಾರ್ಖಾನೆ ತೆರೆಯಿತು.

ಈಗ ಹಬ್ಬದ ಊಟಕ್ಕೆ ಎಲ್ಲರೂ ಒಂದೇ ಸಾಲಿನಲ್ಲಿ ಕೂರುತ್ತೇವೆ, ಸಂತೋಷ. ಹೆಣ್ಣು ನೋಡುವ ಮಾತು ಬಂದಾಗ ಮಾತ್ರ, "ಅವರು ಮೊದಲು ಯಾರು?" ಎಂದು ಮೆಲ್ಲಗೆ ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಪೌಲ ಇದ್ದಿದ್ದರೆ ಅವರಿಗೂ ಒಂದು ಪತ್ರ ಬರೆಯುತ್ತಿದ್ದ.