ಕ್ರೋಮ್ ಕೆರೆದು ಮಾಡಿದ ಶೆವರ್ಲೆ

ಮೂರು ವಾರದಿಂದ ನನ್ನ ಮೇಜಿನ ಮೇಲೆ ಗೇಣಿಗಿಂತ ಚೂರು ಕಮ್ಮಿ ಉದ್ದದ ಒಂದು ಕಾರು ಕೂತಿದೆ. ಅಮೆರಿಕದ ಶೆವರ್ಲೆ ಕಂಪನಿಯ 1955ರ ಕಾರಿನ ಮಾಡೆಲ್, ನಿಜವಾದ ಕಾರಿನ ಇಪ್ಪತ್ತೈದರಲ್ಲೊಂದು ಪಾಲಿನ ಅಳತೆ. ಡಬ್ಬಿಯಲ್ಲಿ ಬಂದದ್ದು ಎರಡು ಬಾಗಿಲಿನ ಬೆಲ್ ಏರ್ ಸೆಡಾನ್. ನನಗೆ ಬೇಕಿದ್ದದ್ದು ಅದರ ಅಗ್ಗದ ರೂಪವಾದ ಒನ್-ಫಿಫ್ಟಿ. ಮಾಡೆಲ್ ಕಟ್ಟುವ ಉಳಿದವರೆಲ್ಲ ಹೊಳೆಯುವ ಕ್ರೋಮ್ ಅಲಂಕಾರ ಹಚ್ಚುತ್ತ ಕೂತರೆ ನಾನು ಉಪ್ಪುಕಾಗದ ಹಿಡಿದು ಅದನ್ನೇ ಕೆರೆಯುತ್ತ ಕೂತಿದ್ದೇನೆ.

ಆ ವರ್ಷ ಶೆವರ್ಲೆಯ ಕಾರುಗಳು ಮೂರು ಮೆಟ್ಟಿಲಲ್ಲಿ ಬರುತ್ತಿದ್ದವು: ಒನ್-ಫಿಫ್ಟಿ, ಟೂ-ಟೆನ್, ಬೆಲ್ ಏರ್. ಕಂಪನಿಯ ಕಡತದಲ್ಲಿ ಕೆಳಗಿನ ಎರಡರ ಸಂಖ್ಯೆ 1500 ಮತ್ತು 2100. ಕೊನೆಯ ಸೊನ್ನೆ ಉದುರಿಸಿ ಅದನ್ನೇ ಹೆಸರು ಮಾಡಿಬಿಟ್ಟರು. 2400ಕ್ಕೆ ಮಾತ್ರ ಬೆಲ್ ಏರ್ ಎಂಬ ಚೆಂದದ ಹೆಸರು. ಲಾಸ್ ಏಂಜಲೀಸ್‌ನಲ್ಲಿ ಅದೇ ಹೆಸರಿನ ಸಿರಿವಂತರ ಬಡಾವಣೆಯೊಂದಿದೆ. ದುಡ್ಡಿದ್ದವನಿಗೆ ಹೆಸರು, ಇಲ್ಲದವನಿಗೆ ನಂಬರು!

ತಮಾಷೆ ಏನೆಂದರೆ ಮೂರರ ಮೈಯೂ ಒಂದೇ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಅದೇ 115 ಇಂಚು, ಬಾನೆಟ್ ಮೇಲೆ ಅದೇ ಉಬ್ಬು, ಕಿಟಕಿಯ ಕೆಳಗೆ ಅದೇ ಸಣ್ಣ ಬಾಗು. ಮೆಟ್ಟಿಲು ಗೊತ್ತಾಗುವುದು ಪಕ್ಕದ ಪಟ್ಟಿಯಿಂದ. ಟೂ-ಟೆನ್‌ಗೆ ಆ ಬಾಗಿನಿಂದ ಓರೆಯಾಗಿ ಇಳಿದು ಹಿಂದಕ್ಕೆ ಓಡುವ ಕ್ರೋಮ್ ಗೆರೆ. ಬೆಲ್ ಏರ್‌ಗೆ ಅದರ ಜೊತೆ ಮುಂದಿನ ಬದಿಗೂ ಒಂದು, ಮೇಲೆ ಹೆಸರು ಬೇರೆ. ಒನ್-ಫಿಫ್ಟಿಯ ಪಕ್ಕದಲ್ಲಿ ಏನೂ ಇಲ್ಲ, ಬರೀ ತಗಡು.

ಆ ‘ಏನೂ ಇಲ್ಲ’ವನ್ನು ಮಾಡುವುದೇ ಕಷ್ಟ. 400 ನಂಬರಿನ ಉಪ್ಪುಕಾಗದದಲ್ಲಿ ಗೆರೆ ಉಜ್ಜುವಾಗ ಕೈ ಜಾರಿ, ಕಿಟಕಿ ಕೆಳಗಿನ ಬಾಗೂ ಅರ್ಧ ಸವೆದುಹೋಯಿತು. ಅದು ಹೋದರೆ 55ರ ಶೆವರ್ಲೆ ಯಾವುದೋ ಡಬ್ಬದಂತೆ ಕಾಣುತ್ತದೆ. ಪುಟ್ಟಿ ಮೆತ್ತಿ, ಒಣಗಿಸಿ, ಮತ್ತೆ 600ರಲ್ಲಿ ತೀಡಿ ಸರಿಮಾಡುವಷ್ಟರಲ್ಲಿ ಎರಡು ಭಾನುವಾರ ಕಳೆದವು.

ಒಳಗಿನ ಕೆಲಸ ಸುಲಭ: ಹಿಂದಿನ ಸೀಟು ಕಿತ್ತು ಎಸೆದೆ. ಉದಾಸೀನ ಅಲ್ಲ, ನಾನು ಮಾಡುತ್ತಿರುವುದು ಯುಟಿಲಿಟಿ ಸೆಡಾನ್. ಊರೂರು ತಿರುಗಿ ಸರಕು ಮಾರುವವರಿಗೆಂದು ಮಾಡಿದ ಕಾರು. ಹಿಂದೆ ಸೀಟಿಲ್ಲ, ಮಾದರಿ ಸಾಮಾನಿನ ಪೆಟ್ಟಿಗೆಗಳಿಗೆ ಸಮತಟ್ಟು ಜಾಗ. ನೆಲಕ್ಕೆ ಕಾರ್ಪೆಟ್ ಬದಲು ರಬ್ಬರ್. ಬೆಲೆ 1,593 ಡಾಲರ್, ಆ ವರ್ಷದ ಇಡೀ ಸಾಲಿನಲ್ಲಿ ಎಲ್ಲಕ್ಕಿಂತ ಅಗ್ಗ. ಇನ್ನೊಂದು ತುದಿಯಲ್ಲಿ ಬೆಲ್ ಏರ್ ನೋಮ್ಯಾಡ್ ವ್ಯಾಗನ್, 2,472 ಡಾಲರ್. ನೋಮ್ಯಾಡ್ ಸುಂದರ, ಒಪ್ಪುತ್ತೇನೆ. ಅದನ್ನು ಹೊಗಳಲು ಸಾಕಷ್ಟು ಜನ ಇದ್ದಾರೆ.

ನನ್ನ ಮನಸ್ಸು ಹಿಡಿದದ್ದು ಬಾನೆಟ್ ಕೆಳಗಿನ ಸಂಗತಿ. ಮುಖ್ಯ ಎಂಜಿನಿಯರ್ ಎಡ್ ಕೋಲ್ ಮುಂದೆ ನಿಂತು ಮಾಡಿಸಿದ ಹೊಸ 265 ಘನ ಇಂಚಿನ ವಿ-8 (ಎಂಟು ಸಿಲಿಂಡರುಗಳನ್ನು ‘ವಿ’ ಆಕಾರದಲ್ಲಿ ಕೂರಿಸಿದ ಎಂಜಿನ್) ಬಂದದ್ದು ಅದೇ ವರ್ಷ. ವಾಲ್ವ್‌ಗಳನ್ನು ಒತ್ತಿ ತೆರೆಯುವ ರಾಕರ್ ಆರ್ಮ್‌ಗಳನ್ನು ತಗಡಿನಿಂದ ಒತ್ತಿ ತೆಗೆದರು, ಅವನ್ನು ತಳ್ಳುವ ಪುಶ್‌ರಾಡ್ ಎಂಬ ಕಡ್ಡಿಗಳನ್ನು ಟೊಳ್ಳು ಮಾಡಿ ಅದರೊಳಗಿಂದಲೇ ಎಣ್ಣೆ ಮೇಲಕ್ಕೆ ಹರಿಸಿದರು. ಹೀಗೆ ಹಗುರ ಮಾಡುತ್ತ ಹೋಗಿ, ಎಂಟು ಸಿಲಿಂಡರಿನದ್ದು ಅವರದೇ ಆರು ಸಿಲಿಂಡರಿನ ಎಂಜಿನ್‌ಗಿಂತ ಕಮ್ಮಿ ತೂಗಿತು. ಶಕ್ತಿ 162 ಕುದುರೆ. ನಾಲ್ಕು ಬಾಯಿಯ ಕಾರ್ಬುರೇಟರ್ ಹಾಕಿಸಿದರೆ 180. ಜಿಪುಣತನವೂ ಇತ್ತು: ಆಯಿಲ್ ಫಿಲ್ಟರ್ ಬೇಕಿದ್ದರೆ ಬೇರೆ ದುಡ್ಡು. ಹೀಗೂ ಉಂಟೆ ಅಂತ ನಾನು ಎರಡೆರಡು ಸಲ ಓದಿದೆ.

ಈ ಎಂಜಿನ್ ಬೆಲ್ ಏರ್‌ಗೆ ಮೀಸಲಾಗಿರಲಿಲ್ಲ, ಒನ್-ಫಿಫ್ಟಿಗೂ ಹಾಕಿಸಬಹುದಿತ್ತು. ಎರಡು ವರ್ಷ ಕಳೆದು 1957ರಲ್ಲಿ, ಫ್ಯುಯೆಲ್ ಇಂಜೆಕ್ಷನ್ ಇದ್ದ 283 ಕುದುರೆಯ ಎಂಜಿನ್ ಕೂರಿಸಿ ಅಮೆರಿಕದ ನ್ಯಾಸ್ಕಾರ್ ಕಾರ್ ರೇಸಿಗೆ ಇಳಿಸಿದ ‘ಬ್ಲ್ಯಾಕ್ ವಿಡೋ’ ಕಾರುಗಳೂ ಇದೇ ಬಡ ಯುಟಿಲಿಟಿ ಸೆಡಾನ್‌ಗಳೇ. ಸೀಟಿಲ್ಲ, ಅಲಂಕಾರವಿಲ್ಲ, ಹಾಗಾಗಿ ಹಗುರ. ಆ ವರ್ಷದೊಂದಿಗೆ ಒನ್-ಫಿಫ್ಟಿ ಎಂಬ ಹೆಸರೂ ಮುಗಿಯಿತು.

55ರಲ್ಲಿ ವಿ-8 ಇದ್ದ ಕಾರಿಗೆ ಹೊರಗಿನ ಗುರುತೆಂದರೆ ಹಿಂದಿನ ದೀಪಗಳ ಕೆಳಗೊಂದು ಪುಟ್ಟ ‘ವಿ’. ನನ್ನ ಡಬ್ಬಿಯಲ್ಲಿ ಅಂಥವು ಎರಡಿದ್ದವು, ಅಕ್ಕಿಕಾಳಿಗಿಂತ ಸಣ್ಣವು. ಕ್ರೋಮ್ ಎಲ್ಲ ಕೆರೆದ ಮೇಲೆ ಇವೇಕೆ ಅಂತ ಒಂದು ದಿನ ಯೋಚಿಸಿದೆ. ನಿನ್ನೆ ರಾತ್ರಿ ಚಿಮಟಿಗೆಯಲ್ಲಿ ಹಿಡಿದು ಎರಡನ್ನೂ ಅಂಟಿಸಿದೆ. ಎಡಗಡೆಯದು ಸ್ವಲ್ಪ ಸೊಟ್ಟ ಕೂತಿದೆ.